ಕಾನೂನು ಆಗುವ ಮೊದಲೇ ನಮ್ಮ ಮಾತು ತಲುಪಲಿ

ಸರಕಾರದ ಹೊಸ ನಿಯಮದ ಸುದ್ದಿ ಬಂದಾಗಲೆಲ್ಲ ಸಂಘದ ಸಭೆಗಳಲ್ಲಿ ನಾವು ಕೇಳುವ ಮಾತು ಒಂದೇ: "ನಮ್ಮನ್ನು ಕೇಳಿ ಮಾಡಿದ್ದಾ ಅದು? ನಮ್ಮ ಕಷ್ಟ ಅವರಿಗೆ ಎಂತ ಗೊತ್ತುಂಟು?" ಮಾತು ನ್ಯಾಯವಾದದ್ದೇ. ಆದರೆ ಅಕ್ಕತಂಗಿಯರೇ, ಒಂದು ವಿಷಯ ನಮಗೆ ಗೊತ್ತಿರಬೇಕು. ಎಷ್ಟೋ ಸಲ ಸರಕಾರ ಕೇಳಿಯೇ ಇರುತ್ತದೆ. ಕೇಳಿದ್ದು ದೆಹಲಿಯ ಯಾವುದೋ ಇಲಾಖೆಯ ಜಾಲತಾಣದಲ್ಲಿ, ಇಂಗ್ಲಿಷಿನಲ್ಲಿ, ಮೂವತ್ತೋ ಅರವತ್ತೋ ದಿನಗಳ ಗಡುವು ಕೊಟ್ಟು. ಆ ದಿನಗಳು ಮುಗಿದ ಮೇಲೆ ಸುದ್ದಿ ನಮ್ಮೂರಿಗೆ ಬರುತ್ತದೆ. ಆಗ ಉಳಿಯುವುದು ಧರಣಿ, ಮೆರವಣಿಗೆ, ಕೋರ್ಟು.

ಮೊಬೈಲು ಈಗ ಹೆಚ್ಚಿನ ಮನೆಗಳಿಗೆ ಬಂದಿದೆ. ಧಾರಾವಾಹಿ, ಅಡುಗೆಯ ವಿಡಿಯೊ, ಮಕ್ಕಳ ಶಾಲೆಯ ಗುಂಪಿನ ಸಂದೇಶ ಎಲ್ಲ ಅದರಲ್ಲೇ ನೋಡುತ್ತೇವೆ. ಅದೇ ಮೊಬೈಲಿನಲ್ಲಿ ಸರಕಾರದ ಕರಡು ನಿಯಮಗಳನ್ನೂ ನೋಡಬಹುದು, ಉತ್ತರವನ್ನೂ ಬರೆಯಬಹುದು. ಇದನ್ನು ಮಾಡುವುದು ಹೇಗೆ, ಮಾಡಿದರೆ ಏನಾದರೂ ಪ್ರಯೋಜನ ಉಂಟಾ ಎಂಬುದನ್ನು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಉದಾಹರಣೆಗಳನ್ನೇ ಇಟ್ಟುಕೊಂಡು ನೋಡೋಣ.

ಕರಡು ಎಂದರೆ ಎಂತ?

ನಮ್ಮ ಸಂಘದಲ್ಲಿ ಸಾಲದ ಬಡ್ಡಿ ಬದಲಾಯಿಸಬೇಕು ಎಂದಿಟ್ಟುಕೊಳ್ಳಿ. ಅಧ್ಯಕ್ಷೆಯೊಬ್ಬರೇ ಕೂತು ಪುಸ್ತಕದಲ್ಲಿ ಬರೆದುಬಿಟ್ಟರೆ ನಾವು ಒಪ್ಪುತ್ತೇವಾ? ಮೊದಲು ಸಭೆಯಲ್ಲಿ ವಿಷಯ ಇಡಬೇಕು, ಎಲ್ಲರೂ ಮಾತಾಡಬೇಕು, ನಡಾವಳಿ ಬರೆಯಬೇಕು, ನಂತರ ಸಹಿ. ಸಹಿ ಆಗುವ ಮೊದಲು ಆ ವಿಷಯ 'ಕರಡು'. ಆಗ ಅದನ್ನು ತಿದ್ದಬಹುದು, ಬೇಡ ಎನ್ನಬಹುದು, ಇನ್ನೊಂದು ದಾರಿ ಹೇಳಬಹುದು.

ಸರಕಾರದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಹಲವು ನಿಯಮಗಳು ಮೊದಲು 'ಕರಡು ಅಧಿಸೂಚನೆ'ಯಾಗಿ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. "ಇಷ್ಟು ದಿನಗಳ ಒಳಗೆ ಆಕ್ಷೇಪಣೆ, ಸಲಹೆ ಇದ್ದರೆ ತಿಳಿಸಿ" ಎಂದು ಅದರಲ್ಲಿಯೇ ಬರೆದಿರುತ್ತದೆ. ಅಂಚೆ ವಿಳಾಸದ ಜೊತೆಗೆ ಇ-ಮೇಲ್ ವಿಳಾಸವೂ ಇರುತ್ತದೆ. ಪರಿಸರ ಕಾನೂನಿನ ಕೆಳಗೆ ಬರುವ ಕರಡುಗಳಿಗೆ ಸಾಮಾನ್ಯವಾಗಿ 60 ದಿನ. ಕೇಂದ್ರದ ಎಲ್ಲ ಇಲಾಖೆಗಳೂ ಹೊಸ ಕಾನೂನು ತರುವ ಮೊದಲು ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅದನ್ನು ಸರಳ ಭಾಷೆಯಲ್ಲಿ ವಿವರಿಸಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಹಾಕಬೇಕು ಎಂದು 2014ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವೇ ನೀತಿಯೊಂದನ್ನು ಮಾಡಿತು. ಅದು ನೀತಿ ಮಾತ್ರ, ಕಾನೂನಲ್ಲ. ಹಾಗಾಗಿ ಅದನ್ನು ಪಾಲಿಸುವುದೂ ಉಂಟು, ಬಿಡುವುದೂ ಉಂಟು. ಅದೇ ವರ್ಷ ಜುಲೈಯಲ್ಲಿ 'ಮೈಗವ್' ಎಂಬ ಜಾಲತಾಣವನ್ನು ಜನರ ಸಲಹೆ ಕೇಳುವುದಕ್ಕೆಂದೇ ಆರಂಭಿಸಿದರು.

ಇದಕ್ಕೂ ಮೊದಲು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿಯೇ, ಜನರಿಗೆ ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು ಎಂದು ಬರೆದಿದೆ. ಅಂದರೆ ನಾವು ಕೇಳುವುದು ಯಾರ ಉಪಕಾರವನ್ನೂ ಅಲ್ಲ.

ಘಟ್ಟದ ಬುಡದ ಊರುಗಳ ಕಥೆ

ಬೆಳ್ತಂಗಡಿಯವರಿಗೆ 'ಕಸ್ತೂರಿರಂಗನ್ ವರದಿ' ಎಂಬ ಹೆಸರು ಹೊಸದಲ್ಲ. ಚಾರ್ಮಾಡಿ, ನೆರಿಯ, ಶಿಶಿಲ, ಮಲವಂತಿಗೆ ಮುಂತಾದ ಗ್ರಾಮಗಳ ಹೆಸರು ಅದರ ಪಟ್ಟಿಯಲ್ಲಿ ಬಂದಾಗಿನಿಂದ ಊರಲ್ಲಿ ಆದ ಗಲಾಟೆ ನಮಗೆಲ್ಲ ಗೊತ್ತುಂಟು. ಆದರೆ ಅದು ಬಂದ ದಾರಿ ಗೊತ್ತಿರುವವರು ಕಡಿಮೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಯಾಕೆಂದರೆ ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ.

ಪಶ್ಚಿಮ ಘಟ್ಟವನ್ನು ಉಳಿಸುವುದು ಹೇಗೆಂದು ಹೇಳಲು ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ಸ್ಥಳೀಯ ಭಾಷೆಗಳಿಗೆ ಅನುವಾದಿಸಿ ಗ್ರಾಮಸಭೆಗಳ ಮುಂದಿಡಬೇಕು, ಎಲ್ಲಿ ಏನು ಬೇಕು ಬೇಡ ಎಂಬುದನ್ನು ಅಲ್ಲಿಯವರೇ ಹೇಳಬೇಕು ಎಂಬುದು ಗಾಡ್ಗೀಳರ ಅಭಿಪ್ರಾಯವಾಗಿತ್ತು. ಆದದ್ದೇ ಬೇರೆ. ಸಚಿವಾಲಯ ವರದಿಯನ್ನು ಹೊರಗೆ ಬಿಡಲೇ ಇಲ್ಲ. ಕೇರಳದ ಒಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳಿದರು, ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ "ಕೊಡಿ" ಎಂದು ಆದೇಶ ಮಾಡಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಹೈಕೋರ್ಟು ಕೂಡ ಆಯೋಗದ ಮಾತನ್ನೇ ಎತ್ತಿ ಹಿಡಿದ ಮೇಲೆ, 2012ರ ಮೇ ತಿಂಗಳಲ್ಲಿ ವರದಿ ಇಂಟರ್‌ನೆಟ್‌ನಲ್ಲಿ ಬಂತು. ಬಂದದ್ದು ನೂರಾರು ಪುಟಗಳ ಇಂಗ್ಲಿಷ್ ವರದಿ. ಅಭಿಪ್ರಾಯ ಹೇಳಲು 45 ದಿನ.

ಘಟ್ಟದ ಬುಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ, ಅಡಿಕೆ ಸುಲಿಯುವ ಹೆಂಗಸು ಅದನ್ನು ಓದುವುದು ಹೇಗೆ? ಓದಲಿಲ್ಲ. ಓದಿದವರು ಬೇರೆ ಇದ್ದರು. ಅವರಿಗೆ ಬೇಕಾದ ಹಾಗೆ ಅರ್ಥ ಹೇಳಿದವರೂ ಇದ್ದರು. "ಮನೆ ಬಿಟ್ಟು ಹೋಗಬೇಕಂತೆ", "ಸೊಪ್ಪು ಕಡಿಯಬಾರದಂತೆ", "ದನ ಸಾಕಬಾರದಂತೆ" ಎಂಬ 'ಅಂತೆ'ಗಳು ವರದಿಗಿಂತ ವೇಗವಾಗಿ ಊರಿಗೆ ಬಂದವು.

ನಂತರ ಸರಕಾರ ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಮಾಡಿತು. ಅದು 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಅದರ ಆಧಾರದಲ್ಲಿ ಮೊದಲ ಕರಡು ಅಧಿಸೂಚನೆ ಬಂದದ್ದು 2014ರ ಮಾರ್ಚ್‌ನಲ್ಲಿ. ಮುಂದೆ 2015, 2017, 2018, 2022 ಹೀಗೆ ಮತ್ತೆ ಮತ್ತೆ ಹೊಸ ಕರಡು. ಆರನೆಯದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ ಇತ್ತು. ಆರು ರಾಜ್ಯಗಳಲ್ಲಿ ಸುಮಾರು 56,800 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದೇ 20,668. ನಮ್ಮ ರಾಜ್ಯದ 1,500ಕ್ಕೂ ಹೆಚ್ಚು ಗ್ರಾಮಗಳ ಹೆಸರು ತಾಲೂಕುವಾರು ಪಟ್ಟಿಯಲ್ಲಿ ಉಂಟು. ಕರ್ನಾಟಕ ಸರಕಾರದ ಸಚಿವ ಸಂಪುಟ 2024ರ ಸೆಪ್ಟೆಂಬರ್ 26ರಂದು ಈ ವರದಿ ಬೇಡವೆಂದು ತೀರ್ಮಾನಿಸಿತು.

ಈಗ ಆ ಕರಡಿನೊಳಗೆ ಏನಿತ್ತು ನೋಡಿ. ಗಣಿಗಾರಿಕೆ, ಕಲ್ಲಿನ ಕೋರೆ, ಮರಳು ತೆಗೆಯುವುದಕ್ಕೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ ನಿಷೇಧ. ಹೆಚ್ಚು ಮಾಲಿನ್ಯ ಮಾಡುವ 'ಕೆಂಪು' ವರ್ಗದ ಹೊಸ ಕೈಗಾರಿಕೆಗೆ ನಿಷೇಧ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಕ್ಕೆ ನಿಷೇಧ. ಇಪ್ಪತ್ತು ಸಾವಿರ ಚದರ ಮೀಟರ್ ಅಂದರೆ ಎರಡು ಲಕ್ಷ ಚದರ ಅಡಿಗಿಂತ ಹೆಚ್ಚು. ನಮ್ಮಲ್ಲಿ ಯಾರ ಮನೆಯೂ ಅಷ್ಟು ದೊಡ್ಡದಿಲ್ಲ! ಈಗಿರುವ ವಾಸದ ಮನೆಯ ರಿಪೇರಿಗೆ, ವಿಸ್ತರಣೆಗೆ ತಡೆ ಇಲ್ಲ ಎಂದು ಕರಡಿನಲ್ಲಿಯೇ ಬರೆದಿತ್ತು.

ಹಾಗಾದರೆ ಹೆದರಿದವರೆಲ್ಲ ಮೂರ್ಖರಾ? ಖಂಡಿತ ಅಲ್ಲ. ಅರಣ್ಯದ ಅಂಚಿನಲ್ಲಿ ಇರುವವರಿಗೆ ಇಲಾಖೆಯ ಅನುಭವ ಉಂಟು. ಇಂದು ಕಾಗದದಲ್ಲಿ ಇಲ್ಲದ ತಡೆ ನಾಳೆ ಬರಬಹುದು ಎಂಬ ಭಯಕ್ಕೆ ಕಾರಣ ಉಂಟು. ಮನೆ ಕಟ್ಟಲು ಕೆಂಪುಕಲ್ಲು, ಜಲ್ಲಿ, ಹೊಯಿಗೆ ಎಲ್ಲಿಂದ ತರುವುದು, ಅದರ ರೇಟು ಎಷ್ಟಾದೀತು ಎಂಬುದು ನಿಜವಾದ ಪ್ರಶ್ನೆಯೇ. ಇನ್ನೊಂದು ಕಡೆ, 2019ರ ಆಗಸ್ಟ್‌ನ ಮಳೆಗೆ ಚಾರ್ಮಾಡಿ, ದಿಡುಪೆ ಕಡೆಗಳಲ್ಲಿ ಗುಡ್ಡ ಜರಿದು, ಹೊಳೆ ಉಕ್ಕಿ, ತೋಟದ ಮೇಲೆ ಮರಳು ಮಣ್ಣು ತುಂಬಿದ್ದನ್ನು ಕಂಡವರೂ ಅದೇ ಊರುಗಳಲ್ಲಿ ಇದ್ದಾರೆ. "ಗುಡ್ಡ ಅಗೆಯುವುದನ್ನು ನಿಲ್ಲಿಸಿ" ಎಂದು ಹೇಳುವ ಹಕ್ಕು ಅವರಿಗೂ ಉಂಟು. ಈ ಎರಡೂ ಮಾತು ಒಂದೇ ಮನೆಯ ಜಗಲಿಯಲ್ಲಿ ಬರುತ್ತದೆ. ದೆಹಲಿಗೆ ತಲುಪಬೇಕಾಗಿದ್ದದ್ದು ಈ ವಿವರ. "ವರದಿ ಬೇಕು", "ವರದಿ ಬೇಡ" ಎಂಬ ಎರಡು ಘೋಷಣೆಗಳಲ್ಲಿ ಅದು ಹೂತುಹೋಯಿತು ಎಂಬುದು ನಮ್ಮ ಅಭಿಪ್ರಾಯ.

"ನಮಗೆ ಇಂಗ್ಲಿಷ್ ಬರುದಿಲ್ಲ"

ಇದು ದೊಡ್ಡ ಅಡ್ಡಿ, ನಿಜ. ಆದರೆ ಇದರಲ್ಲಿ ನಾಚಿಕೆ ಪಡಬೇಕಾದವರು ನಾವಲ್ಲ. ಕೊರೊನಾದ ಲಾಕ್‌ಡೌನ್ ಸಮಯ, 2020ರಲ್ಲಿ, ದೊಡ್ಡ ಯೋಜನೆಗಳ ಪರಿಸರ ಪರಿಣಾಮವನ್ನು ಪರಿಶೀಲಿಸುವ ನಿಯಮವನ್ನು ಬದಲಾಯಿಸಲು ಕೇಂದ್ರ ಸರಕಾರ ಒಂದು ಕರಡು ತಂದಿತು. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ದೆಹಲಿ ಹೈಕೋರ್ಟು ಜೂನ್ 30ರಂದು, ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಎಲ್ಲ 22 ಭಾಷೆಗಳಿಗೆ ಇದನ್ನು ಅನುವಾದಿಸಿ, ಗಡುವನ್ನು ಆಗಸ್ಟ್ 11ರ ವರೆಗೆ ವಿಸ್ತರಿಸಿ ಎಂದು ಹೇಳಿತು. ಕರ್ನಾಟಕದಲ್ಲಿಯೂ ಒಂದು ಸಂಘಟನೆ ಹೈಕೋರ್ಟಿಗೆ ಹೋಯಿತು. ಕನ್ನಡದಲ್ಲಿ ಜನರಿಗೆ ತಲುಪಿಸದೆ ಅಭಿಪ್ರಾಯ ಕೇಳಿದ್ದು ಹೇಗೆ ಎಂಬುದೇ ಅಲ್ಲಿಯೂ ಮುಖ್ಯ ಪ್ರಶ್ನೆಯಾಗಿತ್ತು. ನಮ್ಮ ಹೈಕೋರ್ಟು ಆ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ದೇಶದ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಇ-ಮೇಲ್‌ಗಳು ಹೋದವು.

ಉತ್ತರ ಬರೆಯುವ ಭಾಷೆಯ ಬಗ್ಗೆ ಇನ್ನೂ ಗಟ್ಟಿಯಾದ ಆಧಾರ ಉಂಟು. ಸಂವಿಧಾನದ 350ನೇ ವಿಧಿ: ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದು. ದೆಹಲಿಯ ಸಚಿವಾಲಯಕ್ಕೆ ಕನ್ನಡದಲ್ಲಿ ಬರೆಯುವುದು ನಮ್ಮ ಹಕ್ಕು. ಓದಿಸಿಕೊಳ್ಳುವುದು ಅವರ ಕೆಲಸ. ಕಾಲೇಜಿಗೆ ಹೋಗುವ ಮಗಳು ಒಂದು ಇಂಗ್ಲಿಷ್ ಪ್ರತಿ ಮಾಡಿಕೊಟ್ಟರೆ ಒಳ್ಳೆಯದೇ, ಜೊತೆಗೆ ಇಡೋಣ. ಆದರೆ ಇಂಗ್ಲಿಷ್ ಇಲ್ಲವೆಂದು ಪತ್ರವನ್ನೇ ನಿಲ್ಲಿಸುವುದು ಬೇಡ.

ಕರಡನ್ನು ಅರ್ಥ ಮಾಡಿಕೊಳ್ಳಲು ಮೊಬೈಲಿನ ಅನುವಾದವನ್ನೂ ಬಳಸಬಹುದು. ಪುಟದ ಫೋಟೊ ತೆಗೆದರೆ ಕನ್ನಡದಲ್ಲಿ ತೋರಿಸುತ್ತದೆ. ವಿಷಯ ಏನೆಂದು ತಿಳಿಯಲು ಅಷ್ಟು ಸಾಕು. ಆದರೆ ಕಾನೂನಿನ ಒಂದೊಂದು ಪದಕ್ಕೂ ತೂಕ ಉಂಟು. 'ನಿಷೇಧ' ಮತ್ತು 'ನಿಯಂತ್ರಣ' ಬೇರೆ ಬೇರೆ. 'ಹೊಸ' ಎಂಬ ಒಂದು ಪದ ಬಿಟ್ಟುಹೋದರೆ ಹಳೆಯದಕ್ಕೂ ನಿಷೇಧ ಎಂದು ಅರ್ಥವಾದೀತು. ಹಾಗಾಗಿ ನಮಗೆ ತಟ್ಟುವ ಎರಡು ಮೂರು ಪ್ಯಾರಾಗಳನ್ನಾದರೂ ಗೊತ್ತಿರುವ ಶಿಕ್ಷಕಿಯ ಹತ್ತಿರವೋ ವಕೀಲರ ಹತ್ತಿರವೋ ಓದಿಸಿಕೊಳ್ಳಬೇಕು.

ಬೀಡಿಗೂ ರಸ್ತೆಗೂ

ಘಟ್ಟದ ವಿಷಯ ಬಂಟ್ವಾಳ, ಮೂಡುಬಿದಿರೆಯವರಿಗೆ ಸ್ವಲ್ಪ ದೂರ ಎನಿಸಬಹುದು. ಹಾಗಾದರೆ ಬೀಡಿಯ ವಿಷಯ ಹೇಳುತ್ತೇವೆ. ಕೇಂದ್ರ ಆರೋಗ್ಯ ಸಚಿವಾಲಯ ಸಿಗರೇಟು ಮತ್ತು ತಂಬಾಕು ಉತ್ಪನ್ನಗಳ ಕಾಯ್ದೆಗೆ ತಿದ್ದುಪಡಿಯ ಕರಡೊಂದನ್ನು ಜಾಲತಾಣದಲ್ಲಿ ಹಾಕಿ, 2021ರ ಜನವರಿ 31ರ ಒಳಗೆ ಅಭಿಪ್ರಾಯ ಕಳುಹಿಸಿ ಎಂದಿತು. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವುದು, ಬಿಡಿಬಿಡಿಯಾಗಿ ಮಾರದೆ ಮುಚ್ಚಿದ ಪ್ಯಾಕಿನಲ್ಲೇ ಮಾರಬೇಕೆನ್ನುವುದು ಅದರಲ್ಲಿ ಇತ್ತು. ಬೀಡಿ ಕೆಲಸಗಾರರ ಸಂಘಟನೆಗಳು ವಿರೋಧಿಸಿದವು.

ತಂಬಾಕು ಆರೋಗ್ಯಕ್ಕೆ ಹಾಳು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಧೂಳು ಕುಡಿದು ಕೆಮ್ಮುವವರು, ಬಗ್ಗಿ ಕೂತು ಸೊಂಟ ಹಿಡಿದವರು ನಮ್ಮ ಸಂಘಗಳಲ್ಲೇ ಇದ್ದಾರೆ. ಆದರೂ ಮಕ್ಕಳ ಫೀಸು, ಸಂಘದ ಉಳಿತಾಯ ಎಷ್ಟೋ ಮನೆಯಲ್ಲಿ ಬೀಡಿಯ ದುಡ್ಡಿನಿಂದಲೇ ಆದದ್ದು. ಬೀಡಿ ಕಡಿಮೆಯಾದರೆ ಕಟ್ಟುವವರಿಗೆ ಬದಲಿ ಕೆಲಸ ಯಾವುದು, ಅದಕ್ಕೆ ತರಬೇತಿ ಯಾರು ಕೊಡುತ್ತಾರೆ, ಐವತ್ತು ದಾಟಿದವರ ಗತಿ ಏನು, ಭವಿಷ್ಯನಿಧಿ, ಪಿಂಚಣಿ ಏನಾಗುತ್ತದೆ? ಈ ಪ್ರಶ್ನೆಗಳನ್ನು ಡಾಕ್ಟರೂ ಕಂಪೆನಿಯವರೂ ನಮ್ಮ ಹಾಗೆ ಕೇಳಲಾರರು. ದಿನಕ್ಕೆ ಎಷ್ಟು ಬೀಡಿ, ಸಾವಿರಕ್ಕೆ ಕೈಗೆ ಎಷ್ಟು, ಬ್ರಾಂಚಿನಲ್ಲಿ ಎಷ್ಟು ತಿರಸ್ಕಾರ ಆಗುತ್ತದೆ ಎಂಬ ಲೆಕ್ಕ ಇರುವುದು ಕಟ್ಟುವವರ ಹತ್ತಿರ. ಅಂತಹ ಪತ್ರ ಹೋಗಬೇಕಾದದ್ದು ಆ ಜನವರಿಯಲ್ಲಿ.

ಮೂಡುಬಿದಿರೆಯವರಿಗೆ ರಾಷ್ಟ್ರೀಯ ಹೆದ್ದಾರಿ 169ರ ಉದಾಹರಣೆ ಸಾಕು. ಕುಲಶೇಖರದಿಂದ ಮೂಡುಬಿದಿರೆ ದಾರಿಯಾಗಿ ಸಾಣೂರಿನ ವರೆಗೆ ಚತುಷ್ಪಥ. ಹೆದ್ದಾರಿಗೆ ಜಾಗ ಬೇಕಾದಾಗ ಸರಕಾರ 1956ರ ಹೆದ್ದಾರಿ ಕಾಯ್ದೆಯ ಪ್ರಕಾರ ಸರ್ವೆ ನಂಬರುಗಳ ಪಟ್ಟಿಯನ್ನು ಗೆಜೆಟ್‌ನಲ್ಲಿ ಹಾಕುತ್ತದೆ. ಆಕ್ಷೇಪಣೆಗೆ ಇರುವುದು ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನ, ಅಷ್ಟೇ. ಸಾರಾಂಶವನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಎಂಬ ನಿಯಮ ಉಂಟು. ಪತ್ರಿಕೆಯ ಒಳಪುಟದ ಆ ಸಣ್ಣ ಅಕ್ಷರದ ಜಾಹೀರಾತನ್ನು ಯಾರು ಓದುತ್ತಾರೆ ಹೇಳಿ! ಸಂಘದಲ್ಲಿ ಒಬ್ಬರಿಗೆ ಆ ಕೆಲಸ ಒಪ್ಪಿಸಬಹುದು. ಆರ್‌ಟಿಸಿಯಲ್ಲಿ ಇರುವ ತಮ್ಮ ಸರ್ವೆ ನಂಬರು ಎಲ್ಲ ಸದಸ್ಯರಿಗೂ ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಬರೆದರೆ ಆಗುತ್ತದಾ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಇಲ್ಲ. ಬಂದ ಅಭಿಪ್ರಾಯಗಳನ್ನು ಒಪ್ಪಲೇಬೇಕೆಂದು ಎಲ್ಲಿಯೂ ಬರೆದಿಲ್ಲ.

ಬೆಂಗಳೂರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಸುಮಾರು 1,800 ಕೋಟಿ ರೂಪಾಯಿಯ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ 2016ರಲ್ಲಿ ಬಂದಿತ್ತು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಜನ ಇಂಟರ್‌ನೆಟ್‌ನಲ್ಲಿ 'ಬೇಡ' ಎಂದರು, ಅಕ್ಟೋಬರ್‌ನಲ್ಲಿ ರಸ್ತೆಯಲ್ಲಿ ಮಾನವ ಸರಪಳಿ ಮಾಡಿದರು, ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್ 2ರಂದು ಸರಕಾರ ಯೋಜನೆಯನ್ನು ಕೈಬಿಟ್ಟಿತು. ಬರೀ ಮೊಬೈಲಿನಲ್ಲಿ ಒತ್ತಿ ಕೂತಿದ್ದರೆ ಅದು ಆಗುತ್ತಿರಲಿಲ್ಲ ಎಂದು ನಮಗೆ ಕಾಣುತ್ತದೆ.

ಇನ್ನೊಂದು ಇಡೀ ದೇಶದ್ದು. ಕೆಲವು ಜಾಲತಾಣ ಮಾತ್ರ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು ಎಂದು ಕಂಪೆನಿಗಳು ಭೇದ ಮಾಡಬಹುದೇ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರಲ್ಲಿ ಜನರನ್ನು ಕೇಳಿತು. ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಹೋಯಿತು. 2016ರ ಫೆಬ್ರವರಿ 8ರಂದು ಟ್ರಾಯ್ ಅಂತಹ ಭೇದವನ್ನು ನಿಷೇಧಿಸಿತು. ಇದರಲ್ಲಿ ನಮಗೆ ಎರಡು ಪಾಠ ಉಂಟು. ಮೊದಲನೆಯದು: ಎರಡನೇ ಸುತ್ತಿನಲ್ಲಿ ಫೇಸ್‌ಬುಕ್ ಕಂಪೆನಿ ತನ್ನ ಯೋಜನೆಯ ಪರವಾಗಿ ಸಿದ್ಧ ಪತ್ರವೊಂದನ್ನು ಲಕ್ಷಗಟ್ಟಲೆ ಜನರಿಂದ ಕಳುಹಿಸಿಸಿತು. ನಾವು ಕೇಳಿದ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವೇ ಇಲ್ಲ ಎಂದು ಟ್ರಾಯ್ ಹೇಳಿತು. ಒಂದೇ ಮಾದರಿಯ ಸಾವಿರ ಪತ್ರ ಒಂದೇ ಪತ್ರದ ಲೆಕ್ಕ. ಎರಡನೆಯದು: ಮೊದಲ ಸುತ್ತಿನಲ್ಲಿ ಬಂದ ಪತ್ರಗಳನ್ನು ಟ್ರಾಯ್ ಕಳುಹಿಸಿದವರ ಇ-ಮೇಲ್ ವಿಳಾಸದ ಸಮೇತ ಜಾಲತಾಣದಲ್ಲಿ ಹಾಕಿಬಿಟ್ಟಿತು. ಹಾಗಾಗಿ ಆಧಾರ್ ನಂಬರು, ಬ್ಯಾಂಕ್ ಖಾತೆ, ಮನೆಯ ಗುಟ್ಟಿನ ವಿಷಯ ಇಂತಹ ಪತ್ರದಲ್ಲಿ ಬರೆಯಲೇಬಾರದು.

ಪತ್ರ ಹೇಗಿರಬೇಕು

ಮೊದಲು ಸಂಘಕ್ಕೊಂದು ಇ-ಮೇಲ್ ವಿಳಾಸ ಮಾಡಿಕೊಳ್ಳಿ. ಗಂಡನ ಅಥವಾ ಮಗನ ಮೊಬೈಲಿನದ್ದು ಬೇಡ. ಅವರು ಊರು ಬಿಟ್ಟು ಮುಂಬೈಗೋ ಗಲ್ಫಿಗೋ ಹೋದರೆ ಉತ್ತರವೂ ಅವರ ಜೊತೆ ಹೋಯಿತು. ಪಾಸ್‌ವರ್ಡ್ ಇಬ್ಬರು ಸದಸ್ಯೆಯರಿಗೆ ಗೊತ್ತಿರಲಿ, ನಡಾವಳಿ ಪುಸ್ತಕದಲ್ಲಿ ಬರೆದಿಡುವುದು ಬೇಡ. ಸ್ಮಾರ್ಟ್ ಫೋನು ಇಲ್ಲದಿದ್ದರೆ ಪಂಚಾಯತಿನ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್, ಪಂಚಾಯತ್ ಗ್ರಂಥಾಲಯ ಇವುಗಳಲ್ಲಿ ಕೇಳಬಹುದು.

ಪತ್ರದ ಮೇಲೆ ಕರಡಿನ ಹೆಸರು, ಸಂಖ್ಯೆ, ತಾರೀಕು ಬೇಕೇ ಬೇಕು. ಅದಿಲ್ಲದ ಪತ್ರ ಯಾವ ಕಡತಕ್ಕೆ ಸೇರಬೇಕೆಂದು ಗೊತ್ತಾಗದೆ ಎಲ್ಲೋ ಬಿದ್ದಿರುತ್ತದೆ. ನಂತರ ನಾವು ಯಾರು, ಯಾವ ಗ್ರಾಮ, ಎಷ್ಟು ಮಂದಿ. ಆಮೇಲೆ ಯಾವ ಪ್ಯಾರಾದ ಬಗ್ಗೆ ಮಾತು, ಅದರಿಂದ ನಮಗೆ ಆಗುವುದು ಏನು, ಅದರ ಬದಲು ಏನು ಬರೆಯಬೇಕು. ಉದಾಹರಣೆಗೆ ಹೀಗೆ:

"ನಮ್ಮ ಸಂಘದಲ್ಲಿ 16 ಮಂದಿ ಇದ್ದೇವೆ. 11 ಮಂದಿ ಬೀಡಿ ಕಟ್ಟುತ್ತೇವೆ. ಅವರಲ್ಲಿ 6 ಮಂದಿಗೆ 50 ವರ್ಷ ದಾಟಿದೆ. ಕರಡಿನ ಇಂತಹ ಪ್ಯಾರಾ ಜಾರಿಯಾದರೆ ಬೀಡಿಯ ಮಾರಾಟ ಇಳಿದು ವಾರದಲ್ಲಿ ಸಿಗುವ ಕೆಲಸ ಕಡಿಮೆಯಾಗುತ್ತದೆ ಎಂಬುದು ನಮ್ಮ ಆತಂಕ. ತಂಬಾಕು ಕಡಿಮೆಯಾಗಬೇಕು ಎಂಬುದಕ್ಕೆ ನಮ್ಮ ವಿರೋಧ ಇಲ್ಲ. ಆದರೆ ಜಾರಿಗೆ ಮೊದಲು ಬೀಡಿ ಕಟ್ಟುವವರ ಪಟ್ಟಿ ಮಾಡಿ, ಬದಲಿ ಕೆಲಸಕ್ಕೆ ತರಬೇತಿ ಮತ್ತು ತರಬೇತಿಯ ಅವಧಿಗೆ ಭತ್ಯೆ ಕೊಡಬೇಕೆಂದು ಕರಡಿನಲ್ಲಿಯೇ ಸೇರಿಸಬೇಕು."

ನೋಡಿ, ಎಂಟು ಹತ್ತು ಸಾಲು. ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ. ಲೆಕ್ಕ ಉಂಟು. ಇದೇ ಪತ್ರವನ್ನು ಪಕ್ಕದ ಸಂಘ ನಕಲು ಮಾಡುವುದು ಬೇಡ. ಅವರ ಲೆಕ್ಕ ಅವರದ್ದು ಬರೆಯಲಿ. ಇ-ಮೇಲ್ ಮಾಡಿದ ಮೇಲೆ ಅದೇ ಪತ್ರವನ್ನು ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಕೂಡ ಕಳುಹಿಸಿ ರಶೀದಿ ಇಟ್ಟುಕೊಳ್ಳಬೇಕು. ಸಭೆಯಲ್ಲಿ ಓದಿ ಹೇಳದೆ ಯಾರಿಂದಲೂ ಸಹಿ ತೆಗೆಯಬಾರದು. ಮನಸ್ಸಿಲ್ಲದವರ ಹೆಸರು ಬೇಡ. ಅವರದ್ದು ಬೇರೆ ಅಭಿಪ್ರಾಯವಾದರೆ ಅವರು ಬೇರೆಯೇ ಪತ್ರ ಬರೆಯಬಹುದು, ಅದರಲ್ಲಿ ಜಗಳ ಏನಿಲ್ಲ.

ಹೊಸ ಕರಡಿನ ಸುದ್ದಿ ವಾಟ್ಸಾಪ್‌ನಲ್ಲಿ ಬಂದರೆ ಮುಂದೆ ದೂಡುವ ಮೊದಲು ಒಂದು ಪ್ರಶ್ನೆ ಕೇಳಿ: "ಇದರ ಗೆಜೆಟ್ ಪ್ರತಿ ಎಲ್ಲುಂಟು?" ಕೇಂದ್ರದ ಇ-ಗೆಜೆಟ್, ರಾಜ್ಯದ ಇ-ರಾಜ್ಯಪತ್ರ ಎರಡೂ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಪ್ರತಿ ಸಿಗದಿದ್ದರೆ ಅದು 'ಅಂತೆ' ಎಂದೇ ತಿಳಿಯಬೇಕು.

ಗ್ರಾಮಸಭೆಯನ್ನು ಬಿಡಬೇಡಿ

ಇಂಟರ್‌ನೆಟ್ ಬಂದದ್ದರಿಂದ ಗ್ರಾಮಸಭೆ, ವಾರ್ಡ್ ಸಭೆಯ ಬೆಲೆ ಕಡಿಮೆಯಾಗಲಿಲ್ಲ. ಒಂದು ಸಂಘದ ಪತ್ರಕ್ಕಿಂತ ಗ್ರಾಮಸಭೆಯ ನಿರ್ಣಯದ ಪ್ರತಿಗೆ ತೂಕ ಹೆಚ್ಚು. ವಾರ್ಡ್ ಸಭೆಗೆ ಬಂದವರಲ್ಲಿ ಶೇಕಡಾ 30ಕ್ಕೆ ಕಡಿಮೆಯಾಗದಂತೆ ಮಹಿಳೆಯರಿರಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಹೀಗಿರುವಾಗ ನಾವೇ ಹೋಗದಿದ್ದರೆ ಹೇಗೆ? ಕರಡಿನ ಗಡುವಿನ ಒಳಗೆ ಗ್ರಾಮಸಭೆ ಬಂದರೆ ವಿಷಯ ಮಂಡಿಸಿ ನಿರ್ಣಯ ಮಾಡಿಸಿ, ಅದರ ದೃಢೀಕೃತ ಪ್ರತಿಯನ್ನು ಪತ್ರದ ಜೊತೆ ಸೇರಿಸಬಹುದು.

ಪಂಚಾಯತಿನ ಸ್ವಂತ ಲೆಕ್ಕವೂ ಈಗ ಮೊಬೈಲಿನಲ್ಲಿ ಸಿಗುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ 'ಇ-ಗ್ರಾಮ್ ಸ್ವರಾಜ್' ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯತ್ ಆರಿಸಿದರೆ ವರ್ಷದ ಯೋಜನೆ ಮತ್ತು ಖರ್ಚು ಕಾಣುತ್ತದೆ. ನಮ್ಮ ವಾರ್ಡಿನ ಕುಡಿಯುವ ನೀರಿನ ಕಾಮಗಾರಿ ಯೋಜನೆಯಲ್ಲಿ ಉಂಟಾ ಇಲ್ಲವಾ ಎಂದು ನೋಡಿಕೊಂಡು ವಾರ್ಡ್ ಸಭೆಗೆ ಹೋದರೆ ಪಿಡಿಒ ಜೊತೆ ಮಾತಾಡುವ ಧೈರ್ಯವೇ ಬೇರೆ. ದೆಹಲಿಗೆ ಬರೆಯುವ ಮೊದಲು ಇದರಿಂದ ಅಭ್ಯಾಸ ಆರಂಭಿಸಬಹುದು.

ಪತ್ರ ಕಳುಹಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ಅಂತಿಮ ಅಧಿಸೂಚನೆ ಬಂದಾಗ ನಾವು ಹೇಳಿದ ಪ್ಯಾರಾವನ್ನು ಮತ್ತೆ ಓದಬೇಕು. ಬದಲಾಗಿದೆಯಾ, ಹಾಗೆಯೇ ಉಂಟಾ? ಬಂದ ಆಕ್ಷೇಪಣೆಗಳನ್ನು ಏನು ಮಾಡಿದಿರಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಉತ್ತರದ ಪ್ರತಿ, ಅಂಚೆ ರಶೀದಿ, ನಮ್ಮ ಪತ್ರ ಮೂರನ್ನೂ ಸಂಘದ ಫೈಲಿನಲ್ಲಿ ಒಟ್ಟಿಗೆ ಹಾಕಿಡಿ. ಅದೇ ವಿಷಯದಲ್ಲಿ ಮುಂದಿನ ಕರಡು ಬಂದಾಗ ಮೊದಲು ತೆಗೆಯಬೇಕಾದದ್ದು ಆ ಫೈಲು.